ಅಮ್ಮ ಕೇಳಿಸಿಕೊಂಡ ಧಾರಾವಾಹಿ

ಅಪ್ಪನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಎದುರಿಗೆ ನಿಂತವರು ಯಾರು ಅಂತ ಅವರು ಬಾಯಿಬಿಟ್ಟ ಮೇಲೇ ಗೊತ್ತಾಗುತ್ತಿತ್ತು. ಕೈಗೆ ಮಾತ್ರ ಏನೂ ಆಗಿರಲಿಲ್ಲ. ಹಳೇ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು ಹೊಸದು ಹೊದಿಸುವುದು ಅವರ ಕಸುಬು. ಕೂತು ಕೂತು ಎಲ್ಲಿ ಸ್ಪ್ರಿಂಗ್ ಸೋತಿದೆ, ಎಲ್ಲಿ ಸ್ಪಂಜು ಪುಡಿಯಾಗಿದೆ ಅಂತ ಅಂಗೈಯಲ್ಲೇ ಹೇಳಿಬಿಡುತ್ತಿದ್ದರು. ಅಳತೆ ಹಿಡಿದು ಬಟ್ಟೆ ಕತ್ತರಿಸುವುದು, ಗಿರಾಕಿಗಳ ಹತ್ತಿರ ಮಾತಾಡುವುದು ಚಿಕ್ಕ ಮಗಳ ಪಾಲಿಗೆ ಬಂದಿತ್ತು. ಕಡ್ಡಿಯಂತೆ ಇದ್ದ ಅವಳನ್ನು ಅಪ್ಪ ಚಿಕ್ಕಂದಿನಿಂದ ಸೂಜಿ ಅಂತಲೇ ಕರೆಯುತ್ತಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಬರೀ ಹಲಗೆ. ಕೆಳಗೆ ಸೀನಿದರೆ ಮೇಲಿನಿಂದ ಅಮ್ಮ "ಕಷಾಯ ಮಾಡ್ಲಾ?" ಅನ್ನುವಷ್ಟು ತೆಳು.

ಆ ಮನೆಯಲ್ಲಿ ಇನ್ನೊಂದು ಮಗು ಇತ್ತು. ಸೂಜಿಗಿಂತ ದೊಡ್ಡದು. ದುಂಡುಮುಖದ ಗಂಡುಮಗು ಅಂತ ಗುಂಡ ಎಂದು ಕರೆದು ಬೆಳೆಸಿದ್ದರು. ಕಾಲೇಜು ಮುಗಿಸಿದ ವರ್ಷ ಗುಂಡ ಊಟಕ್ಕೆ ಕೂತಲ್ಲೇ, ತಟ್ಟೆ ನೋಡಿಕೊಂಡು, "ನಾನು ಗಂಡಲ್ಲ. ಒಳಗಿಂದ ಯಾವತ್ತೂ ಆಗಿರ್ಲಿಲ್ಲ. ಇನ್ಮೇಲೆ ಹೆಣ್ಣಾಗೇ ಇರ್ತೀನಿ" ಅಂದಿದ್ದ. ಅಪ್ಪ ಕೈಗೆ ಸಿಕ್ಕಿದ ಸುತ್ತಿಗೆ ಎಸೆದಿದ್ದರು. ಅದು ಯಾರಿಗೂ ತಾಗಲಿಲ್ಲ, ಬಾಗಿಲಿಗೆ ಬಡಿಯಿತು. "ನನ್ನ ಕಣ್ಣೆದುರಿಗೆ ನಿಲ್ಬೇಡ, ನಡಿ" ಅಂದಿದ್ದರು. ಗುಂಡ ನಡೆದ.

ಈಗ ಅವಳು ಊರಿನ ಇನ್ನೊಂದು ತುದಿಯಲ್ಲಿ ಒಂದು ಬೇಕರಿಯಲ್ಲಿದ್ದಳು. ಕೇಕಿನ ಮೇಲೆ ಹೆಸರು ಬರೆಯುವ ಕೆಲಸ. ಸೂಜಿ ಆಗಾಗ ಹೋಗಿ ನೋಡಿ ಬರುತ್ತಿದ್ದಳು. ಅಣ್ಣ ಅನ್ನುವ ಬಾಯಿ ಅಕ್ಕ ಅನ್ನುವುದಕ್ಕೆ ಮೊದಮೊದಲು ತಡವರಿಸಿತು, ಆಮೇಲೆ ಅದೇ ರೂಢಿಯಾಯಿತು. ಅಮ್ಮನೂ ಮಧ್ಯಾಹ್ನದ ಹೊತ್ತು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅಕ್ಕನಿಗೆ ಫೋನು ಮಾಡುತ್ತಿದ್ದರು. ಉಂಡೆಯಾ, ಜ್ವರ ಬಿಡ್ತಾ ಅಂತ ಪಿಸುದನಿಯಲ್ಲಿ ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು. "ನಂಗೇನೋ ನಿನ್ನ ನೋಡ್ಬೇಕು ಮಗೂ. ಆದ್ರೆ ನಿಮ್ಮಪ್ಪ ಒಪ್ಪಲ್ಲ. ಹೆಸರೆತ್ತಿದ್ರೆ ಕೆಂಡ ಆಗ್ತಾರೆ. ಎದೆ ಮೊದ್ಲೇ ಚೆನ್ನಾಗಿಲ್ಲ. ಈಗ್ಲೇ ಬರ್ಬೇಡ."

ಅಕ್ಕ ಫೋನಿಟ್ಟು ಸೂಜಿಗೆ ಹೇಳುತ್ತಿದ್ದಳು, "ಪಾಪ ಅಮ್ಮ. ಅವಳೊಬ್ಬಳಿದ್ದಾಳಲ್ಲ, ಅಷ್ಟು ಸಾಕು."

ಕಣ್ಣು ಮಬ್ಬಾದ ಮೇಲೆ ಅಪ್ಪನಿಗೆ ಭಾನುವಾರ ಕಳೆಯುವುದು ಕಷ್ಟವಾಯಿತು. ಟಿವಿಯ ಗಲಾಟೆ ತಲೆ ತಿನ್ನುತ್ತೆ ಅಂದರು. ಸೂಜಿ ತನ್ನ ಫೋನಿನಲ್ಲಿ ಒಂದು ಧಾರಾವಾಹಿ ಕತೆ ಓದುತ್ತಿದ್ದಳು. ವಾರಕ್ಕೊಂದು ಕಂತು, ಪ್ರತಿ ಭಾನುವಾರ ಬೆಳಿಗ್ಗೆ. ಒಬ್ಬ ಬಸ್ ಡ್ರೈವರು, ಅವನ ಹೆಂಡತಿ, ಬೆಳೆಯುತ್ತಿರುವ ಮೂರು ಮಕ್ಕಳು, ಜಗಳಗಂಟಿ ಅಜ್ಜಿ. ಒಂದು ದಿನ ಅದನ್ನೇ ಜೋರಾಗಿ ಓದಿದಳು. ಅಪ್ಪ ಮೊದಲು "ಕೆಲಸ ಇಲ್ಲದೋರು ಬರೆದಿದ್ದು" ಅಂದರು. ಮುಂದಿನ ವಾರ ತಾವೇ, "ಆ ಮುದುಕಿ ಹಲ್ಲುಸೆಟ್ಟು ಸಿಕ್ತಾ?" ಅಂತ ಕೇಳಿದರು. ಅಮ್ಮನೂ ತರಕಾರಿ ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು.

ಹೀಗೇ ಸಾಗುತ್ತಿದ್ದಾಗ ಒಂದು ಕಂತಿನಲ್ಲಿ ಡ್ರೈವರನ ನಡುವಿನ ಮಗ ಅಮ್ಮನ ಕನ್ನಡಿಯೆದುರು ನಿಂತು, "ಅಮ್ಮಾ, ನಾನು ನಿನ್ನ ಮಗನಲ್ಲ, ಮಗಳು" ಅಂದುಬಿಟ್ಟ.

ಸೂಜಿಗೆ ಇದು ಬರುತ್ತದೆಂದು ಗೊತ್ತಿರಲಿಲ್ಲ. ಓದುವುದು ಅಲ್ಲಿಗೇ ನಿಂತಿತು. ಮೆಟ್ಟಿಲ ಮೇಲೆ ಅಮ್ಮನ ಚಾಕು ನಿಂತಿತು.

"ಯಾಕೆ ನಿಲ್ಲಿಸ್ದೆ?" ಅಂದರು ಅಪ್ಪ. "ಓದು."

ಓದಿದಳು. ಮುಂದಿನ ವಾರವೂ ಓದಿದಳು, ಅದರ ಮುಂದಿನದ್ದೂ. ಕತೆಯ ಡ್ರೈವರ ಮಗುವನ್ನು ಬಸ್ಸಿಂದ ಇಳಿಸಿ ಹೋದ ದಿನ ಅಪ್ಪ ಕೈಯಲ್ಲಿದ್ದ ಮೊಳೆಗಳನ್ನು ಡಬ್ಬಿಗೆ ಸುರಿದು, "ಥೂ, ಅವನೂ ಒಬ್ಬ ಮನುಷ್ಯನಾ?" ಅಂದರು. ಕತೆಯ ತಾಯಿ ಊರೆಲ್ಲ ಹುಡುಕಿ ಮಗಳನ್ನು ಅಪ್ಪಿಕೊಂಡ ದಿನ ಅಮ್ಮ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. ಎಷ್ಟು ಅತ್ತರೆಂದರೆ ಸೂಜಿ ಎದ್ದು ನೀರು ತಂದುಕೊಡಬೇಕಾಯಿತು.

ಆ ವಾರವೇ, ಒಂದು ಆರಾಮಕುರ್ಚಿಗೆ ಪಟ್ಟಿ ಎಳೆದು ಕಟ್ಟುತ್ತಿರುವಾಗ, ಅಪ್ಪ ತಲೆ ಎತ್ತದೆ ಕೇಳಿದರು. "ದೊಡ್ಡದು ಎಲ್ಲಿದೆ ಈಗ?"

ಮಗ ಅನ್ನಲಿಲ್ಲ, ಮಗಳು ಅನ್ನಲಿಲ್ಲ. ದೊಡ್ಡದು ಅಂದರು. ಸೂಜಿ ಕತ್ತರಿ ಕೆಳಗಿಟ್ಟಳು.

"ಇದೇ ಊರಲ್ಲೇ ಇದ್ದಾಳೆ ಅಪ್ಪ. ಬೇಕರೀಲಿ."

"ಇಷ್ಟು ಹತ್ರ ಇದ್ದೂ ಒಂದ್ಸಲ ಬಂದು ಇಣುಕಿ ನೋಡ್ಲಿಲ್ಲ. ಅಷ್ಟು ಹಟ." ಪಟ್ಟಿಯನ್ನು ಇನ್ನೊಮ್ಮೆ ಎಳೆದರು. "ಬರೋಕೆ ಹೇಳು."

ಸೂಜಿ ಮೆಟ್ಟಿಲು ಹಾರಿಕೊಂಡು ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಒಲೆಯ ಉರಿ ಸಣ್ಣ ಮಾಡಿದರು. "ನಿಮ್ಮಪ್ಪ ಹಾಗನ್ನೋರಲ್ಲ. ಏನೋ ಮಂಪರಲ್ಲಿ ಅಂದಿರ್ತಾರೆ" ಅಂದರು. ಆಮೇಲೆ ಈ ಭಾನುವಾರ ಬೇಡ, ಮನೆ ಸುಣ್ಣ ಆಗಲಿ ಅಂದರು. ಆಮೇಲೆ ಅವರ ಕಣ್ಣಿನ ಪರೀಕ್ಷೆ ಮುಗಿಯಲಿ ಅಂದರು. ಸಂತೋಷಕ್ಕೆ ಕೈಕಾಲು ಆಡುತ್ತಿಲ್ಲ ಪಾಪ ಅಂತ ಸೂಜಿ ಅಂದುಕೊಂಡಳು. ಅಕ್ಕನಿಗೆ ಫೋನು ಮಾಡಿದರೆ ಅವಳು, "ಅಮ್ಮ ಈಗ್ತಾನೆ ಮಾಡಿದ್ಲು. ನೀನು ಏನೇನೋ ಹೇಳ್ತೀಯ, ನಂಬ್ಬೇಡ ಅಂದ್ಲು" ಅಂದಳು.

"ನನ್ನ ಮೇಲೆ ಆಣೆ ಅಕ್ಕ. ನನ್ನ ಕಿವಿಯಾರೆ ಕೇಳಿದ್ದೀನಿ. ನೀನು ಸುಮ್ನೆ ಬಾ."

ಅಕ್ಕ ಬಂದಳು. ನೀಲಿ ಬಣ್ಣದ ಸಾದಾ ಉಡುಪು, ಬೆರಳಿನ ಸಂದಿಯಲ್ಲಿ ತೊಳೆದರೂ ಹೋಗದ ಕೇಕಿನ ಕೆಂಪು ಬಣ್ಣ, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ. ಅಂಗಡಿಯ ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡಿದಳು.

"ಯಾರು?" ಅಂದರು ಅಪ್ಪ.

"ನಾನಪ್ಪ."

ಅಪ್ಪ ಕೈ ಚಾಚಿದರು. ಅವಳು ಹತ್ತಿರ ಬಂದಾಗ ಕೂದಲು, ಕಿವಿಯ ಓಲೆ, ಕೆನ್ನೆ, ಎಲ್ಲವನ್ನೂ ನಿಧಾನವಾಗಿ ಮುಟ್ಟಿದರು. "ಕೆನ್ನೆ ಹಾಗೇ ಇದೆ" ಅಂದರು. ಮತ್ತೆ, "ಏನಂತ ಕರೀಲಿ ನಿನ್ನ? ಗುಂಡ ಅನ್ನೋ ಹಾಗಿಲ್ಲ. ಗುಂಡಿ ಅನ್ನಲಾ? ಬೇಡ, ಅದು ಸೋಫಾಗೆ ಹೊಡೆಯೋದು."

ಅಕ್ಕ ಅಳುತ್ತಲೇ ನಕ್ಕಳು. ಸೂಜಿಯೂ ನಕ್ಕಳು. ಹಲಗೆಯ ಮೇಲೆ ಅಮ್ಮನ ಹೆಜ್ಜೆ ಅತ್ತಿಂದಿತ್ತ ಓಡಾಡುತ್ತಿದ್ದದ್ದು ನಿಂತಿತು.

"ಕೂಗಿದಾಗ ಬರೋಕೆ ಇಷ್ಟು ವರ್ಷ ಬೇಕಾಯ್ತೇನು?" ಅಂದರು ಅಪ್ಪ. "ಸಿಟ್ಟಲ್ಲಿ ಏನೋ ಅಂದೆ. ತಿಂಗಳು ತುಂಬೋಕೆ ಮೊದ್ಲೇ ನಿಮ್ಮಮ್ಮನಿಗೆ ಹೇಳಿ ಕಳಿಸ್ದೆ. ವಾಪಸ್ ಬರೋಕೆ ಹೇಳು, ಮುಖ ನೋಡದಿದ್ರೂ ಮನೇಲಿರ್ಲಿ ಅಂತ. ಆಮೇಲೂ ಎಷ್ಟು ಸಲ ಕೇಳ್ದೆ. ಅದು ಬರಲ್ಲ ಅಂತು, ಅಪ್ಪನ ಮುಖ ನೋಡಲ್ಲ ಅಂತು ಅಂದ್ಲು. ಆಮೇಲೆ ಕೇಳೋದನ್ನೇ ಬಿಟ್ಟೆ."

ಅಕ್ಕ ಅಪ್ಪನ ಕೈ ಬಿಡಲಿಲ್ಲ. ಆದರೆ ಮುಖ ಎತ್ತಿ ಮೇಲಿನ ಹಲಗೆ ನೋಡಿದಳು.

"ನಂಗೆ ಹಾಗ್ಯಾರೂ ಹೇಳ್ಲಿಲ್ಲಪ್ಪ" ಅಂದಳು. "ನೀವು ಒಪ್ಪಲ್ಲ ಅಂತಾನೇ ಅಮ್ಮ ಹೇಳ್ತಿದ್ಲು."

ಅಪ್ಪನೂ ತಲೆ ಎತ್ತಿ ಮೇಲಕ್ಕೆ ಕಿವಿಗೊಟ್ಟರು. ಆ ತೆಳು ಹಲಗೆಯ ಮೇಲೆ ನಿಂತವರಿಗೆ ಪ್ರತಿ ಮಾತೂ ಕೇಳಿಸಿತ್ತು. ಅಕ್ಕ ಕಾದಳು. ಸೂಜಿ ತರಿಸಿದ ಟೀ ಆರಿತು. ಮೆಟ್ಟಿಲ ಮೇಲೆ ಹೆಜ್ಜೆ ಬರಲಿಲ್ಲ. ಕೊನೆಗೆ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮತ್ತೆ ಬರ್ತೀನಿ ಅಂತ ಅಪ್ಪನಿಗೆ ಹೇಳಿ ಹೊರಟಳು. ಬೀದಿ ತಿರುವಿನವರೆಗೂ ಸೂಜಿ ಜೊತೆಗೆ ನಡೆದಳು. ಅಕ್ಕ ಒಂದು ಸಲ ಮಾತ್ರ ಮಾತಾಡಿದಳು. "ಬೇಡ ಅಂದಿದ್ದು ಅಪ್ಪ ಅಂದ್ಕೊಂಡಿದ್ದಾಗ್ಲೇ ಚೆನ್ನಾಗಿತ್ತು ಕಣೆ."

ಸೂಜಿ ಮೇಲೆ ಹೋದಾಗ ಅಮ್ಮ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು.

"ಯಾಕಮ್ಮಾ?" ಸೂಜಿ ಅವರೆದುರು ಹೋಗಿ ನಿಂತಳು. "ಅಪ್ಪನ ಹೆಸರು ಹೇಳ್ಕೊಂಡು ಇಷ್ಟು ವರ್ಷ ಇಬ್ರಿಗೂ ಸುಳ್ಳು ಹೇಳಿದ್ಯಾ? ಆ ಕತೆ ಕೇಳಿ ಬಿಕ್ಕಿ ಬಿಕ್ಕಿ ಅಳ್ತಿದ್ದೆಯಲ್ಲ, ಅದೂ ನಾಟಕಾನಾ?"

"ನಾಟಕ ಅಲ್ಲ." ಅಮ್ಮನ ಕಣ್ಣು ಒಣಗಿತ್ತು. "ಆ ತಾಯಿ ಒಂದೇ ವಾರದಲ್ಲಿ ಮಗಳನ್ನ ತಬ್ಕೊಂಡ್ಳು. ಅವಳ ಕೈ ಹಿಡಿದು ನಡೆಸೋಕೆ ಬರೆಯೋರು ಒಬ್ರಿದ್ರು. ನಂಗೆ ಯಾರಿದ್ರು? ನನ್ನ ಗುಂಡ ಹೋದ ಅಂತ ಈ ಮನೇಲಿ ನನ್ನ ಜೊತೆ ಒಬ್ಬರಾದ್ರೂ ಅತ್ರಾ? ನಾನು ಹೆತ್ತು, ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ ಬೆಳೆಸಿದ ಮಗು ಅದು. ಫೋನಲ್ಲಿ ಮುಖ ಕಾಣಲ್ಲ. ದನಿ ಮಾತ್ರ. ಆ ದನಿ ಹಿಡ್ಕೊಂಡು ನನ್ನ ಮಗ ಎಲ್ಲೋ ಇದ್ದಾನೆ ಅಂದ್ಕೋತಿದ್ದೆ. ಅವಳು ಎದುರಿಗೆ ಬಂದು ನಿಂತ್ರೆ ಅವನು ಸತ್ತ ಹಾಗೆ."

"ಅವನು ಇರ್ಲೇ ಇಲ್ಲಮ್ಮ. ಇದ್ದಿದ್ದೇ ಅವಳು."

"ಅದನ್ನೇ ನಂಗೆ ಕೇಳೋಕಾಗಲ್ಲ" ಅಂದರು ಅಮ್ಮ.

ಅಪ್ಪ ಆ ದಿನ ಮೇಲೆ ಬರಲಿಲ್ಲ. ಊಟದ ತಟ್ಟೆಯನ್ನು ಸೂಜಿ ಕೆಳಗೆ ತೆಗೆದುಕೊಂಡು ಹೋದರೆ ಮುಟ್ಟಲಿಲ್ಲ. ಹೆಂಡತಿಯ ಜೊತೆ ಜಗಳವನ್ನೂ ಆಡಲಿಲ್ಲ. ಸೂಜಿಗೆ ಅದೇ ಹೆಚ್ಚು ಭಯವಾಯಿತು. ಜಗಳವಾದರೆ ಮುಗಿಯುತ್ತದೆ. ಅಂಗಡಿಯಲ್ಲೇ ಮಲಗತೊಡಗಿದರು. ಔಷಧಿ ಹೊತ್ತಿಗೆ ಅಮ್ಮ ಮೇಲಿನಿಂದ "ಮಾತ್ರೆ" ಅಂತ ಒಂದು ಮಾತು ಕೂಗುತ್ತಿದ್ದರು. ಅಪ್ಪ ಉತ್ತರ ಕೊಡದೆ ನುಂಗುತ್ತಿದ್ದರು.

ಅಕ್ಕ ವಾರವಾರ ಬರತೊಡಗಿದಳು. ಅಂಗಡಿಗೆ ಮಾತ್ರ. ಸೂಜಿ ಕಂತು ಓದುತ್ತಿದ್ದಳು, ಅಕ್ಕ ಕುರ್ಚಿಯ ಹಳೇ ಮೊಳೆ ಕೀಳುತ್ತಿದ್ದಳು, ಅಪ್ಪ ಅಜ್ಜಿಯ ಜಗಳಕ್ಕೆ ನಗುತ್ತಿದ್ದರು. ಮೆಟ್ಟಿಲು ಖಾಲಿ ಇರುತ್ತಿತ್ತು. ಹೊರಡುವಾಗ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, "ಅಮ್ಮಾ, ಹೋಗ್ಬರ್ತೀನಿ" ಅನ್ನುತ್ತಿದ್ದಳು. ಮೇಲಿಂದ ಪಾತ್ರೆ ಸದ್ದು ಜೋರಾಗುತ್ತಿತ್ತು. ಅಮ್ಮ ಈಗ ಅವಳಿಗೆ ಫೋನು ಮಾಡುವುದನ್ನೂ ಬಿಟ್ಟಿದ್ದರು.

ಧಾರಾವಾಹಿ ಮುಗಿಯಿತು. ಡ್ರೈವರ ಮಗಳನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ, ಎಲ್ಲರೂ ಒಟ್ಟಿಗೆ ಕೂತು ಉಂಡರು. ಓದುಗರೆಲ್ಲ ಕೆಳಗೆ ಹೂವು, ಹೃದಯ ಹಾಕಿದ್ದರು. ಅಪ್ಪ "ಇಷ್ಟೇನಾ?" ಅಂದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅಕ್ಕ ಕೈಯಲ್ಲಿದ್ದದ್ದು ಬಿಟ್ಟು ಎದ್ದು ನಿಂತಳು.

ಅಮ್ಮ ಇಳಿದು ಬಂದರು. ಹೊರಗೆ ಹೋಗುವ ಸೀರೆ, ಹೆಗಲಿಗೊಂದು ಚೀಲ. ಅಕ್ಕನ ಪಕ್ಕದಲ್ಲೇ, ಸೆರಗು ತಾಗುವಷ್ಟು ಹತ್ತಿರದಲ್ಲೇ ಹಾದು ಹೊಸ್ತಿಲು ದಾಟಿದರು. ಮುಖ ತಿರುಗಿಸಲಿಲ್ಲ, ಬೈಯಲಿಲ್ಲ. ದಾರಿಯಲ್ಲಿಟ್ಟ ಕುರ್ಚಿಯನ್ನು ಬಳಸಿಕೊಂಡು ಹೋಗುವವರ ಹಾಗೆ ಹೋದರು.

"ಯಾರು ಹೋಗಿದ್ದು?" ಅಂದರು ಅಪ್ಪ. ಯಾರೂ ಹೇಳಲಿಲ್ಲ. ಅವರಿಗೆ ಗೊತ್ತಾಯಿತು.

ಅಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದರು. ಸೂಜಿ ಸ್ವಲ್ಪ ದಿನ ಬಿಟ್ಟು ಕರೆಯಲು ಹೋದಳು. ದೊಡ್ಡಮ್ಮ ಬಾಗಿಲು ತೆಗೆದು, "ನೀನೇ ಏನಾದ್ರೂ ಹೇಳಮ್ಮ, ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ" ಅಂದರು. ಅಮ್ಮ ಒಳಗಿನ ಕೋಣೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದರು. ತೂಕ ಇಳಿದಿದ್ದರು. ಅಪ್ಪನ ಸಕ್ಕರೆ ಎಷ್ಟಿದೆ, ಕಾಲು ಊದಿದೆಯಾ, ಅಂಗಡಿಗೆ ಗಿರಾಕಿ ಬರುತ್ತಿದ್ದಾರಾ ಎಂದೆಲ್ಲ ಕೇಳಿದರು. ಅಕ್ಕನ ಬಗ್ಗೆ ಕೇಳಲಿಲ್ಲ.

"ಮನೆಗೆ ಬಾಮ್ಮ."

"ಅವಳು ಬರೋ ಮನೆಗೆ ನಾನು ಬರೋಕಾಗಲ್ಲ. ಬರ್ಬೇಡ ಅಂತ ಅವಳಿಗೆ ಹೇಳೋಕೂ ನಂಗೆ ಬಾಯಿಲ್ಲ. ನಾನೇ ಇಲ್ಲಿದ್ರೆ ಆಯ್ತು."

ಸೂಜಿ ಅತ್ತಳು, ಬೈದಳು, ಕಾಲು ಹಿಡಿದಳು. ಅಮ್ಮ ಅವಳ ತಲೆ ಸವರಿ, ಜಡೆ ಬಿಚ್ಚಿ ಬಾಚಿ ಹೊಸದಾಗಿ ಹೆಣೆದರು. ಅಪ್ಪನಿಗೆ ಅಂತ ಸಕ್ಕರೆ ಹಾಕದ ಹಣ್ಣಿನ ಗೊಜ್ಜು ಕಟ್ಟಿಕೊಟ್ಟರು. ಬಸ್ ನಿಲ್ದಾಣದವರೆಗೂ ಬಂದು, "ನೀನು ಬರ್ತಾ ಇರು. ನೀನೊಬ್ಬಳೇ ಬಾ" ಅಂದರು.

ಸೂಜಿ ಅಂಗಡಿಗೆ ಬಂದಾಗ ಅಪ್ಪ ಮತ್ತು ಅಕ್ಕ ಒಂದು ಉದ್ದನೆಯ ಬೆಂಚಿಗೆ ಬಟ್ಟೆ ಎಳೆಯುತ್ತಿದ್ದರು. ಒಂದು ತುದಿ ಅಕ್ಕ, ಇನ್ನೊಂದು ತುದಿ ಅಪ್ಪ. ಬಾಗಿಲಲ್ಲಿ ಒಂದೇ ಜೊತೆ ಹೆಜ್ಜೆ ಕೇಳಿಸಿದ್ದರಿಂದ ಅಪ್ಪ ಏನೂ ಕೇಳಲಿಲ್ಲ. ಅಕ್ಕ ಕೇಳಿದಳು.

"ನಾನು ಬರೋದು ನಿಲ್ಸಿದ್ರೆ ಬರ್ತಾಳಂತಾ?"

"ಇಲ್ಲ" ಅಂದಳು ಸೂಜಿ. ಅದು ನಿಜವೋ ಸುಳ್ಳೋ ಅವಳಿಗೇ ಗೊತ್ತಿರಲಿಲ್ಲ.

"ಬಿಗಿಯಾಗಿ ಹಿಡ್ಕೊ ಮಗಳೇ, ಸುಕ್ಕು ಬೀಳತ್ತೆ" ಅಂದರು ಅಪ್ಪ. ಅಕ್ಕ ಕಣ್ಣೊರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಬಟ್ಟೆಯನ್ನು ಹಿಡಿದೇ ನಿಂತಳು.