ನನ್ನ ಪಾಲು ಎಂಬ ಕಾಲಂ

ಭಾನುವಾರ ಬೆಳಗಿನ ಸಭೆ ಮುಗಿದು ಜನ ಎದ್ದುಹೋದ ಮೇಲೆ ಅವನು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ. ಗ್ರಂಥಾಲಯದ ಹಿಂಬದಿಯ ಆ ಕೋಣೆಯಲ್ಲಿ ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು ವಾರಕ್ಕೆರಡು ಸಲ ಸೇರುತ್ತಿದ್ದರು. ಕುಡಿತದಿಂದ ಹೊರಬರಲು ಒಂದೊಂದಾಗಿ ಹತ್ತಬೇಕಾದ ಹನ್ನೆರಡು ಮೆಟ್ಟಿಲುಗಳ ಪಟ್ಟಿ ಗೋಡೆಯ ಮೇಲಿತ್ತು. "ಜೀವನವೆಲ್ಲ ಲಿಫ್ಟು ರಿಪೇರಿ ಮಾಡಿದವನಿಗೆ ಮೆಟ್ಟಿಲು ಹತ್ತೋ ಶಿಕ್ಷೆ ನೋಡಿ," ಎಂದು ಅವನು ಮೊದಲ ದಿನ ಅಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ಹನ್ನೊಂದು ತಿಂಗಳಾದರೂ ಅಲ್ಲಿ ಅವನು ಲಿಫ್ಟಣ್ಣನೇ.

ಕಿಟಕಿಯ ಪಕ್ಕ ಮೇಷ್ಟ್ರು ಅವನ ನೋಟ್‌ಬುಕ್ ಓದುತ್ತಿದ್ದರು. ಗಣಿತ ಕಲಿಸಿ ನಿವೃತ್ತರಾದವರು. ಹದಿನಾರು ವರ್ಷಗಳಿಂದ ಕುಡಿತ ಮುಟ್ಟಿಲ್ಲ. ಮೆಟ್ಟಿಲು ಹತ್ತುವಾಗ ಅವನಿಗೆ ಜೊತೆಗಿರಲು ಒಪ್ಪಿಕೊಂಡಿದ್ದರು. ಅವನೀಗ ನಾಲ್ಕನೆಯದರಲ್ಲಿದ್ದ: ತನ್ನನ್ನು ತಾನು ತಪಾಸಣೆ ಮಾಡಿಕೊಂಡು ಬರೆಯುವುದು. ಪ್ರತಿ ಪುಟದಲ್ಲೂ ನಾಲ್ಕು ಕಾಲಂ. ಯಾರ ಮೇಲೆ ಸಿಟ್ಟು, ಅವರು ಮಾಡಿದ್ದೇನು, ನನಗೆ ಆದದ್ದೇನು, ಇದರಲ್ಲಿ ನನ್ನ ಪಾಲು ಏನು.

"ಉದ್ದಣ್ಣ ಅನ್ನೋರಿಗೆ ಐದು ಪುಟ ಕೊಟ್ಟಿದ್ದೀಯ," ಮೇಷ್ಟ್ರು ಕನ್ನಡಕ ತೆಗೆದರು.

"ಹತ್ತೊಂಬತ್ತು ವರ್ಷ ಜೋಡಿ ಕೆಲಸ ಮಾಡಿದ್ವಿ ಮೇಷ್ಟ್ರೇ. ನನ್ನ ಮುಖಕ್ಕೆ ಒಂದು ಮಾತು ಹೇಳದೆ, ಇವನು ಕುಡಿದು ಕೆಲಸಕ್ಕೆ ಬರ್ತಾನೆ ಅಂತ ಆಫೀಸಿಗೆ ಹೋಗಿ ಹೇಳಿಬಿಟ್ಟ. ನನ್ನನ್ನ ಸ್ಟೋರಿಗೆ ಹಾಕಿದ್ರು. ಈಗ ನಟ್ಟು ಬೋಲ್ಟು ಎಣಿಸಿ ಕೊಡ್ತೀನಿ. ನನ್ನ ಹೆಂಡ್ತಿಗೆ ತಡೆಯೋಕಾಗದೆ ಅವನ ಮನೆ ಬಾಗಿಲಿಗೇ ಹೋಗಿ, ನಂಬಿಕೆದ್ರೋಹಿಗಳು ಅಂತ ಅವನ ಹೆಂಡ್ತಿಗೆ ಬಾಯಿಗೆ ಬಂದ ಹಾಗೆ ಬೈದು ಬಂದಳು."

"ಸರಿ. ನಾಲ್ಕನೇ ಕಾಲಮ್ಮಲ್ಲಿ ಏನು ಬರೆದಿದ್ದೀಯ?"

ಅವನು ನೋಡಲಿಲ್ಲ. ಬಾಯಿಪಾಠವಾಗಿತ್ತು. "ಅವನನ್ನ ನಂಬಿದ್ದು."

ಮೇಷ್ಟ್ರಿಗೆ ನಗು ಬಂತು. "ಇದು ಆತ್ಮಪರೀಕ್ಷೆ ಅಲ್ಲಪ್ಪ, ಚಾರ್ಜ್‌ಶೀಟು. ಕೆಲಸ ಮುಗಿದ ಮೇಲೆ ನೀವು ರಿಪೋರ್ಟ್ ಬರೀತಿದ್ರಲ್ಲ, ಹೇಗೆ?"

"ಎಷ್ಟು ಗಂಟೆಗೆ ಏನು ಮಾಡಿದೆ, ಅಷ್ಟೇ. ಕಥೆ ಬರೆದ್ರೆ ಸೂಪರ್‌ವೈಸರ್ ಬೈತಾರೆ."

"ಉದ್ದಣ್ಣ ದೂರು ಕೊಡೋ ಹಿಂದಿನ ದಿನದ್ದು ಹಾಗೆ ಬರಿ. ನಿನ್ನ ಕೈ ಏನು ಮಾಡ್ತು, ಅಷ್ಟೇ."

ಮನಸ್ಸಿಲ್ಲದ ಮನಸ್ಸಿನಿಂದ ಅವನು ಬರೆಯಲು ಕುಳಿತ. ಹತ್ತೂಕಾಲು, ಕಟ್ಟಡ ತಲುಪಿದ್ದು. ಹತ್ತೂವರೆ, ಮೇಲಿನ ಮೆಷಿನ್ ರೂಮಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ್ದು. ಹತ್ತೂ ಮುಕ್ಕಾಲು, ಉದ್ದಣ್ಣ ಕೆಳಗೆ ಗುಂಡಿಗಿಳಿದದ್ದು. ಲಿಫ್ಟಿನ ಕೆಳಗಿನ ಆ ಗುಂಡಿಯಲ್ಲಿರುವ, ಅಪಾಯವಾದರೆ ಒತ್ತುವ ಸ್ವಿಚ್ಚೇ ಕೆಟ್ಟಿತ್ತು. ಅದನ್ನು ಬದಲಾಯಿಸುವುದೇ ಅಂದಿನ ಕೆಲಸ.

ಇಲ್ಲಿ ಪೆನ್ನು ನಿಧಾನವಾಯಿತು. ಗುಂಡಿಗೆ ಇಳಿಯುವವನು ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು ಎಂಬುದು ನಿಯಮ. ಅದಕ್ಕಾಗಿ ಅವನು ಏಳು ಮಹಡಿ ಹತ್ತಿ ಇಳಿಯಬೇಕು. ಅವರಿಬ್ಬರು ಆ ಗೋಜಿಗೆ ಹೋಗುತ್ತಿರಲಿಲ್ಲ. ಒಂದೇ ಬೀಗ, ಕೀಲಿ ಮೇಲಿದ್ದವನ ಹತ್ತಿರ. ಮೇಲಿನಿಂದ "ಕೊಡ್ಲಾ?" ಎಂದು ಕೂಗಬೇಕು, ಕೆಳಗಿನಿಂದ ಉತ್ತರ ಬಂದ ಮೇಲೆಯೇ ಕರೆಂಟು ಕೊಡಬೇಕು. "ನಿನ್ನ ಗಂಟಲೇ ನನ್ನ ಬೀಗ ಕಣೋ," ಎನ್ನುತ್ತಿದ್ದ ಉದ್ದಣ್ಣ.

ಹನ್ನೊಂದೂ ಇಪ್ಪತ್ತು, ನೀರಿನ ಬಾಟಲಿಯಿಂದ ಕುಡಿದದ್ದು. ನೀರಲ್ಲ.

ಹನ್ನೊಂದೂ ನಲವತ್ತು.

ಅವನು ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ಏನೂ ಆಗಲಿಲ್ಲ ಮೇಷ್ಟ್ರೇ ಆವತ್ತು."

"ಆದದ್ದನ್ನ ಕೇಳ್ತಾ ಇಲ್ಲ. ಕೈ ಏನು ಮಾಡ್ತು?"

"ಬೀಗ ತೆಗೀತು. ಸ್ವಿಚ್ ಹಾಕ್ತು." ಅವನು ಪೆನ್ನು ಕೆಳಗಿಟ್ಟ. "ಕೂಗಲಿಲ್ಲ. ಬೇಗ ಮನೆಗೆ ಹೋಗ್ಬೇಕಿತ್ತು, ಬಾಟಲಿ ಖಾಲಿಯಾಗಿತ್ತು. ಕರೆಂಟು ಬಂದ್ರೆ ಆ ಲಿಫ್ಟು ತಾನಾಗೇ ಕೆಳಕ್ಕೆ ಬರುತ್ತೆ. ಅವನು ಕಿರುಚಿದ್ದು ಕೇಳಿ ಆಫ್ ಮಾಡಿದೆ. ತಲೆಯಿಂದ ಮೊಳದೆತ್ತರದಲ್ಲಿ ನಿಂತಿತ್ತು."

ಇಷ್ಟು ದಿನ ಅವನ ನೆನಪಿನಲ್ಲಿ ಆ ದಿನಕ್ಕೆ 'ಲಿಫ್ಟು ಸ್ವಲ್ಪ ಜರ್ಕ್ ಹೊಡೀತು' ಎಂಬ ಹೆಸರಿತ್ತು. ಸುಳ್ಳು ಎಂದು ಅವನಿಗೆ ಅನಿಸಿರಲೇ ಇಲ್ಲವೋ, ಅನಿಸಲು ಬಿಟ್ಟಿರಲಿಲ್ಲವೋ, ಹೇಳುವುದು ಕಷ್ಟ.

"ನಾಡಿದ್ದು ಮಂಗಳವಾರ ನನ್ನನ್ನ ಫೀಲ್ಡಿಗೆ, ಲಿಫ್ಟು ರಿಪೇರಿಗೆ ವಾಪಸ್ ಹಾಕೋಕೆ ಇಂಟರ್‌ವ್ಯೂ," ಎಂದ. "ಅಲ್ಲಿ ಎಲ್ಲ ಹೇಳಿಬಿಡ್ತೀನಿ."

"ಮೊದಲು ಉದ್ದಣ್ಣನವರನ್ನ ಕೇಳು. ನಿನ್ನ ಹೊರೆ ಇಳಿಸೋ ಅವಸರದಲ್ಲಿ ಅವರ ತಲೆ ಮೇಲೆ ಇಡಬೇಡ."

ಸೋಮವಾರ ಮಧ್ಯಾಹ್ನ ಉದ್ದಣ್ಣ ಒಂದು ಆಫೀಸು ಕಟ್ಟಡದ ನೆಲಮಾಳಿಗೆಯಲ್ಲಿ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದ. ಇವನನ್ನು ಕಂಡು ಏಳಲೂ ಇಲ್ಲ, ಕೂರು ಎನ್ನಲೂ ಇಲ್ಲ.

"ಏನು, ಸ್ಟೋರ್ ಸಾಹೇಬ್ರು ಇಲ್ಲಿವರೆಗೆ?"

"ಆವತ್ತು ನಾನು ಕೂಗಲಿಲ್ಲ ಉದ್ದಣ್ಣ."

ಉದ್ದಣ್ಣ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದ. "ನನಗೆ ಗೊತ್ತಿಲ್ವೇನೋ? ಕೆಳಗಿದ್ದವನು ನಾನು."

"ಆಫೀಸಲ್ಲಿ ಅದನ್ನ ಯಾಕೆ ಹೇಳಲಿಲ್ಲ? ಬರೀ ಕುಡೀತಾನೆ ಅಂದೆ."

"ನನ್ನ ತಲೆ ಮೇಲೆ ಲಿಫ್ಟು ಬಿಟ್ಟ ಅಂದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ಏನೂ ಹೇಳದೆ ಇದ್ದಿದ್ರೆ ಇನ್ನೊಬ್ಬನ್ನ ಸಾಯಿಸ್ತಿದ್ದೆ. ಎರಡರ ನಡುವಿಂದು ಹೇಳಿದೆ." ಡಬ್ಬಿಯ ಮುಚ್ಚಳ ಒತ್ತಿ ಹಾಕಿದ. "ನೀನು ಬಂದು ಒಂದು ಮಾತು ಕೇಳ್ತೀಯ ಅಂತ ಕಾದೆ ಕಣೋ. ಜೀವ ಹೇಗಿದೆ ಅಂತ. ನೀನು ಬರಲಿಲ್ಲ, ನಿನ್ನ ಹೆಂಡ್ತಿ ಬಂದ್ರು. ನನ್ನವಳಿಗೆ ಎಲ್ಲಾ ಗೊತ್ತಿತ್ತು. ಅವರು ಬಾಗಿಲಲ್ಲಿ ನಿಂತು ಬೈತಿದ್ರೆ ತುಟಿ ಬಿಚ್ಚಲಿಲ್ಲ. ಬಿಚ್ಚಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಹೊಟ್ಟೆಗೆ ಹಾಕ್ಕೊಂಡ್ಳು."

ಯಾವ ಮನೆಯ ದ್ರೋಹವನ್ನು ಐದು ಪುಟ ಬರೆದಿದ್ದನೋ ಆ ಮನೆಯಲ್ಲೇ ತನ್ನ ಕೆಲಸವನ್ನು ಕಾಯ್ದವರು ಇಬ್ಬರು. ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನಾಳೆ ಆಫೀಸಲ್ಲಿ ಎಲ್ಲಾ ಹೇಳ್ತೀನಿ."

"ಹೇಳು. ಬಚ್ಚಿಟ್ಟಿದ್ದಕ್ಕೆ ನನಗೂ ನೋಟಿಸು ಬರುತ್ತೆ. ನೀನು ಹಗುರಾಗ್ತೀಯ."

"ಹಾಗಾದ್ರೆ ನಿನಗೇನು ಬೇಕು, ಅದನ್ನ ಹೇಳು."

ಇಷ್ಟು ನೇರವಾಗಿ ಕೇಳುತ್ತಾನೆಂದು ಉದ್ದಣ್ಣ ಎಣಿಸಿರಲಿಲ್ಲ. ಬಹಳ ಹೊತ್ತು ಕೈ ಒರೆಸಿಕೊಂಡ. "ಈಗಲೂ ಗುಂಡಿಗಿಳಿದ್ರೆ ಅಂಗೈ ಬೆವರುತ್ತೆ. ಮೇಲೆ ಯಾರಿದ್ರೂ ನೀನೇ ಇದ್ದೀಯ ಅನ್ಸುತ್ತೆ. ನೀನು ಫೀಲ್ಡಿಗೆ ಬರಬೇಡ. ಮುಂದೆ ನೋಡೋಣ. ಈಗ ಬೇಡ."

"ಆಯ್ತು. ಕ್ಷಮಿಸು ಅಂತ..."

"ಅದನ್ನ ಇವತ್ತು ಕೇಳಬೇಡ. ನನ್ನ ಹತ್ರ ಇಲ್ಲ."

ಮಂಗಳವಾರ ಸೂಪರ್‌ವೈಸರ್ ಅವನ ಫೈಲು ತೆರೆದು ಮೆಚ್ಚುಗೆಯಿಂದಲೇ ಮಾತು ಶುರುಮಾಡಿದರು. ಅವನು ಮಧ್ಯದಲ್ಲೇ ತಡೆದ. ತಾನಿನ್ನೂ ಸಿದ್ಧನಿಲ್ಲ, ಸ್ಟೋರಿನಲ್ಲೇ ಇರುತ್ತೇನೆ ಎಂದ. "ಇಂಥ ಅವಕಾಶ ಮತ್ತೆ ಸಿಗಲ್ಲ, ಗೊತ್ತಲ್ಲ?" ಎಂದರು ಅವರು. ಗೊತ್ತಿತ್ತು. ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೋ, "ಬಾಟಲಿ ಜೊತೆ ಧೈರ್ಯಾನೂ ಬಿಟ್ಟ ಅಂತ ಕಾಣುತ್ತೆ," ಎಂದದ್ದು ಕಿವಿಗೆ ಬಿತ್ತು. ತಿರುಗಿ ಕಾರಣ ಹೇಳಬೇಕೆಂದು ನಾಲಿಗೆ ತುರಿಸಿತು. ಹೇಳುವಂತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. "ಏನಾಯ್ತು ರೀ? ಯಾವತ್ತಿಂದ ಫೀಲ್ಡು?"

ಅವನು ನಿಂತೇ ಹೇಳಿದ. ಬಾಟಲಿ, ಬೀಗ, ಕೂಗದೆ ಇದ್ದದ್ದು, ಮೊಳದೆತ್ತರ. ಅವಳ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು.

"ಹಾಗಾದ್ರೆ ನಾನು ಬೈದು ಬಂದಿದ್ದು ಯಾರಿಗೆ?"

ಉದ್ದಣ್ಣನ ಹೆಂಡತಿ ಎಲ್ಲ ಗೊತ್ತಿದ್ದೂ ಯಾಕೆ ತುಟಿ ಬಿಚ್ಚಲಿಲ್ಲ ಎಂಬುದನ್ನೂ ಅವನು ಹೇಳಿದ.

"ಆಕೆ ಬಾಗಿಲ ಪಕ್ಕ ತಲೆ ತಗ್ಗಿಸಿ ನಿಂತಿದ್ರು. ತಪ್ಪಿದೆ, ಅದಕ್ಕೇ ಮಾತಿಲ್ಲ ಅಂದ್ಕೊಂಡೆ. ದೊಡ್ಡ ವಕೀಲಳ ಹಾಗೆ ಗೆದ್ದು ಬಂದೆ." ಅವಳ ದನಿ ಏರಲಿಲ್ಲ; ಅದೇ ಅವನಿಗೆ ಭಯ ಹುಟ್ಟಿಸಿತು. "ಕುಡಿದಾಗ ನೀವು ನೂರು ಸುಳ್ಳು ಹೇಳಿದ್ರಿ. ಅವು ಬಾಟಲಿ ಸುಳ್ಳು ಅಂತ ಬಿಟ್ಟೆ. ಇದನ್ನ ಹನ್ನೊಂದು ತಿಂಗಳು ಎಚ್ಚರದಲ್ಲಿದ್ದು ಹೇಳಿದ್ರಲ್ಲ ರೀ."

ಕುಡಿಯೋದು ಬಿಟ್ಟಿದ್ದೀನಲ್ಲ, ಇನ್ನೇನು ಮಾಡಲಿ ಎಂಬ ಮಾತು ಅವನ ಬಾಯಿಯವರೆಗೆ ಬಂತು. ಎಷ್ಟೋ ಸಲ ಅವನನ್ನು ಕಾಪಾಡಿದ ಮಾತು ಅದು. "ಹೌದು," ಎಂದಷ್ಟೇ ಹೇಳಿದ.

ಅವಳು ಟವೆಲ್ಲನ್ನು ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಉದ್ದಣ್ಣನ ಮನೆಗಾ? ನಾನೂ ಬರ್ಲಾ?"

"ಬೇಡ. ಆಡಿದ್ದು ನನ್ನ ಬಾಯಿ. ನಾನೇ ಹೋಗಿ ಬರ್ತೀನಿ." ಬಾಗಿಲಲ್ಲಿ ನಿಂತಳು, ತಿರುಗಲಿಲ್ಲ. "ನಿಮ್ಮ ಹತ್ರ ಮಾತಾಡೋದು ಯಾವಾಗ ಅಂತ ನನಗೇ ಗೊತ್ತಿಲ್ಲ."

ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೆ ಅವನು ಹೊಸ್ತಿಲಲ್ಲೇ ನಿಂತಿದ್ದ. ಗಿಡಗಳಿಗೆ ನೀರು ಹಾಕುತ್ತಿದ್ದ ಎದುರು ಮನೆಯ ಅಜ್ಜಿ ಇತ್ತ ತಿರುಗಿದರು.

"ಏನಪ್ಪಾ, ನಿನ್ನ ಹೆಂಡ್ತಿ ಅಷ್ಟು ಅವಸರದಲ್ಲಿ ಎಲ್ಲಿಗೆ ಹೊರಟಳು?"

ಅಂಗಡಿಗೆ ಎನ್ನುವುದು ಎಷ್ಟು ಸುಲಭವಿತ್ತು! ಅವನು ಮೆಟ್ಟಿಲಿಳಿದು ರಸ್ತೆಯವರೆಗೆ ಬಂದ.

"ಕ್ಷಮೆ ಕೇಳೋಕೆ ಹೋಗಿದ್ದಾಳೆ ಅಜ್ಜಿ," ಎಂದ. "ತಪ್ಪು ಅವಳದಲ್ಲ. ನಾನು ಹೇಳಿದ ಸುಳ್ಳನ್ನ ನಂಬಿದ್ದಳು."