ನೀಲಿ ಅಂಚಿನ ಲೋಟ

ಸಲಗವೊಂದು ರುಂಡೆ ನದಿಯ ಒಣಮರಳಲ್ಲಿ ಒರತೆ ತೋಡುತ್ತಿದೆ, ನಾವೂ ಹೀಗೇ ತೋಡುತ್ತಿದ್ದೆವು, ಎರಡು ಸಲ ಚೆಲ್ಲು, ಮೂರನೇದು ಕುಡಿ ಅನ್ನುತ್ತಿದ್ದಳು ಅಮ್ಮ, ಅವಳ ಎನಾಮಲ್ ಲೋಟ, ನೀಲಿ ಅಂಚಿನದು, ಈಗ ನನ್ನ ಚೀಲದಲ್ಲಿ ಮೊಳೆಗೆ ತಗುಲಿ ಟಣ್ ಅನ್ನುತ್ತಿದೆ — ಏನಕ್ಕಾ, ಪಾತ್ರೆ ಅಂಗಡಿ ಹೊತ್ಕೊಂಡ್ ಬಂದಿದೀಯಾ, ತಮ್ಮ ಹಸಾನಿಗೆ ನಗು, ಅವನಿಗೇನು ಗೊತ್ತು, ಅಮ್ಮನನ್ನು ಹೂಳುವಾಗ ಅತ್ತೆಯ ಬೆನ್ನ ಮೇಲಿನ ಕೂಸು. ನಲವತ್ತು ವರ್ಷದ ಮೇಲೆ ಹುಟ್ಟಿದೂರಿಗೆ ಬರಲು ಅಭಯಾರಣ್ಯದ ಗೇಟಿನಲ್ಲಿ ಚೀಟಿ ಬರೆಸಬೇಕಾಯಿತು, ಬಂದ ಕಾರಣ ಎಂಬಲ್ಲಿ ಕಾವಲಿನ ಹುಡುಗ ತಫಿರೆ, ಪ್ರಾಣಿ ವೀಕ್ಷಣೆ ಎಂದು ಬರೆದ, ಬರೆದುಕೊಳ್ಳಲಿ, ಗಾಡಿಯಲ್ಲಿ ಒಳಗೆ ಕರೆತಂದವನೂ ಅವನೇ, ಬೇರೆ ಸೀಮೆಯವನು, ಒಳ್ಳೆಯವನೇ, ನಿಯಮ ಮಾತ್ರ ಬಾಯಿಪಾಠ — ಅಜ್ಜೀ, ತಂದಿದ್ದೆಲ್ಲ ವಾಪಸ್ ಒಯ್ಬೇಕು, ಬಾಳೆಹಣ್ಣಿನ ಸಿಪ್ಪೆನೂ ಇಲ್ಲಿ ಬಿಡಂಗಿಲ್ಲ. ನಾನು ಬಂದಿರುವುದೇ ಬಿಟ್ಟುಹೋಗಲು. ಸತ್ತವರ ತಟ್ಟೆ ಲೋಟಕ್ಕೆ ತೂತು ಹೊಡೆದು ಗೋರಿಯ ಮೇಲಿಡುವುದು ನಮ್ಮ ಪದ್ಧತಿ, ಬದುಕಿದವರು ಮತ್ತೆ ಬಳಸದಿರಲೆಂದು, ಅವತ್ತು ಎಲ್ಲರೂ ಲೋಟ ಹುಡುಕಿದರು, ನಾನು ಜೋಳದ ಕಣಜದಲ್ಲಿ ಬಚ್ಚಿಟ್ಟಿದ್ದೆ, ಅದರಲ್ಲಿ ಅವಳ ಬಾಯಿಯ ವಾಸನೆಯಿತ್ತು, ಒಂಬತ್ತು ವರ್ಷದವಳಿಗೆ ಅಷ್ಟೇ ತಿಳಿದದ್ದು, ಅತ್ತೆ ಅಂದಳು, ಯಾವ ಪಾಪಿ ಕದ್ರೋ, ಅತ್ತಿಗೆ ಅಲ್ಲಿ ಬೊಗಸೇಲೇ ನೀರು ಕುಡೀಬೇಕಲ್ಲ. ಮರುವಾರವೇ ಸರ್ಕಾರದ ಲಾರಿಗಳು ಬಂದು ಊರನ್ನೇ ಎತ್ತಿ ಹೊರಗೆ ಸುರಿದವು, ಆನೆಗಳು ಉಳಿದವು, ನಾನು ನೀರು ಕುಡಿದಾಗಲೆಲ್ಲ ಆ ಬೊಗಸೆ.

ಹುತ್ತದ ಪಕ್ಕ ಗೋರಿ, ಮೇಲೆ ತಟ್ಟೆ — ಇಷ್ಟೇ ಗುರುತು, ಆದರೆ ಇಲ್ಲಿ ಹತ್ತು ಹುತ್ತಗಳಿವೆ, ತಟ್ಟೆ ಎಲ್ಲೂ ಇಲ್ಲ, ಹಸಾನಿ ಕೋಲಿನಿಂದ ಹುಲ್ಲು ಸರಿಸಿ ಸರಿಸಿ ಸುಸ್ತಾದ, ತೂತಿನ ತಟ್ಟೆ ನೋಡಿದ್ದೀಯಾ ಅಂದರೆ ತಫಿರೆಯ ಮುಖ ಇಳಿಯುತ್ತದೆ, ತೂತಿಂದಾ ಅಜ್ಜಿ, ಹೋದ್ವರ್ಷ ಕಸ ಎತ್ತುವಾಗ ನಾನೇ ಮೂಟೆಗೆ ಹಾಕ್ದೆ, ಕಳ್ಳಬೇಟೆಯೋರು ಬಿಟ್ಟಿದ್ದು ಅನ್ಕೊಂಡೆ. ಕೆನ್ನೆಗೆ ಬಾರಿಸಬೇಕು ಅನಿಸುತ್ತದೆ, ಕೈ ಏಳುವುದಿಲ್ಲ, ಇವನು ಕಸವೆಂದು ಎತ್ತಿದ, ನಾನು ಆಸೆಗೆ ಎತ್ತಿದೆ, ಅಮ್ಮನ ಮುಂದೆ ಇಬ್ಬರೂ ಕಳ್ಳರೇ — ಎಲ್ಲಿಂದ ಎತ್ತಿದೆ, ತೋರ್ಸು. ಅವನು ಟೋಪಿ ತೆಗೆದು ಮುಂದೆ ನಡೆದ, ಬಾಗಿದ ಮೊಪಾನೆ ಮರ, ಅದರಾಚೆಯ ಹುತ್ತ, ಇಲ್ಲೇ ಅಜ್ಜಿ, ಬಗ್ಗಿದಾಗ ಹಣೆಗೆ ಮುಳ್ಳು ಗೀರಿತ್ತು, ಅದಕ್ಕೇ ನೆನಪು. ಹುಲ್ಲಿನಡಿ ಗೋರಿಯ ಸಾಲುಗಲ್ಲು. ನಾನು ಚೀಲದಿಂದ ಲೋಟ ತೆಗೆದೆ, ಮೊಳೆ ತೆಗೆದೆ, ತಫಿರೆ ನೋಡಿದ, ಗಾಡಿ ಚಕ್ರ ನೋಡ್ಬೇಕು ಎಂದು ಬೆನ್ನು ಹಾಕಿ ಹೋದ. ನೀನಾ ಅಕ್ಕಾ ಕದ್ದಿದ್ದು, ಹಸಾನಿ ಕೇಳಿದ, ನಾನೇ ಕಣೋ, ಲೋಟ ಬೋರಲು ಹಾಕಿ ಮೊಳೆಯಿಟ್ಟು ಕಲ್ಲಿನಿಂದ ಹೊಡೆಯುತ್ತೇನೆ, ಚಕ್ಕೆ ಹಾರುತ್ತದೆ, ಇನ್ನೊಂದು ಏಟು, ಈಗ ತೂತು, ಇನ್ನು ನನ್ನದಲ್ಲ, ಕಲ್ಲುಗಳ ಮೇಲಿಟ್ಟು ಬಾಟಲಿಯ ನೀರು ನೆಲಕ್ಕೆ ಒಂದು ಸಲ ಚೆಲ್ಲಿದೆ, ಎರಡು ಸಲ, ಮೂರನೆಯದು ಲೋಟಕ್ಕೆ, ಕುಡಿಯಮ್ಮಾ, ಮೆಲ್ಲಗೆ ಇಳಿಯುತ್ತಿದೆ, ನೀಲಿ ಅಂಚಿನಿಂದ ಕೆಳಗೆ, ಇನ್ನೂ ಕೆಳಗೆ, ಯಾರೋ ಕುಡಿಯುತ್ತಿರುವ ಹಾಗೆ, ನೀಲಿ ಅಂಚು, ನೀಲಿ ಅಂಚಿನ ಲೋಟ