ಬಾಣಂತಿ ಇಟ್ಟ ಕಾಲು

"ಏನಬೇ ಗದ್ದೆಮ್ಮ, ನಿನ್ನ ಮಗಳು ನೆಲಕ್ಕ ಕಾಲ ಇಡಂಗಿಲ್ಲಂತಲ್ಲ? ನಾಟಿಗೆ ಆಳಿಲ್ದ ನಾ ಸಾಯಾಕತ್ತೀನಿ, ನೀ ಮನ್ಯಾಗ ದೊರೆಸಾನಿ ಸಾಕಾಕತ್ತೀಯೇನು?"

ಮೋಟಾರ್ ಸೈಕಲ್ ಇಳಿಯದೆಯೇ ಶಿವಕಾಂತಗೌಡ ನಮ್ಮ ಕೇರಿಯ ಬಾಯಲ್ಲಿ ನಿಂತು ಕೂಗಿದ. ಗದ್ದೆಮ್ಮ ನಕ್ಕಳು.

"ಸಿಜೇರಿಯನ್ ಆಗ್ಯಾದ್ರಿ ಗೌಡ್ರ. ನಿಮ್ಮ ಸೊಸೀನೂ ಹಿಂಗss ಮಲಗಿದ್ಲಲ್ರಿ. ಆಕಿ ಅರಿವಿ ಒಗದಾಕಿ ನಾನs ಅಲ್ಲೇನ್ರಿ?"

ಗದ್ದೆಮ್ಮ ತಾನು ಹಡೆದಾಗ ಹಸಿಮೈಯಲ್ಲೇ ಗದ್ದೆಯ ಕೆಸರಿಗೆ ಇಳಿದವಳು. ಬಾಣಂತನ ಅನ್ನುವುದನ್ನು ಆಕೆ ಕಂಡದ್ದು ಗೌಡರ ಹಿತ್ತಲಿನಿಂದ. ಹೊರಸು, ಅದರ ಕೆಳಗೆ ಕೆಂಡ, ಕಿವಿಗೆ ಅರಿವೆ, ಗಂಟಲು ನೆನೆಯುವಷ್ಟೇ ನೀರು. ಮಗಳು ಸುಕನ್ಯಾಳಿಗೆ ಅದರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. "ಬೀಸಣಿಕಿ ಬೀಸಾಕ ಯಾರೂ ಸಿಗಲಿಲ್ಲೇನಬೇ?" ಎಂದು ನಾವು ಕಾಡಿಸಿದೆವು. ನಮಗೂ ಹೊಟ್ಟೆಕಿಚ್ಚು ಇಲ್ಲದಿರಲಿಲ್ಲ.

"ಯವ್ವಾ, ಎಬ್ಬಿಸಬೇ. ಬೆನ್ನು ಹೊರಸಿಗೆ ಅಂಟ್ಯಾದ."

"ಸುಮ್ನ ಬೀಳು ರಂಡಿ. ನನ್ನ ಹಣ್ಯಾಗ ಬರೀದ ಸುಖ ನಿನಗ ಬಂದದ."

ಸುಖ ಬಂತು, ಎಡಗಾಲಿಗೆ. ಮೀನಖಂಡ ಬಾತು ಕೆಂಪಾಗಿ, ಮುಟ್ಟಿದರೆ ಸುಕನ್ಯಾ ಚೀರುತ್ತಿದ್ದಳು. ಚಾಂದ್‌ಪಾಷಾನ ಆಟೋದಲ್ಲಿ ನಮ್ಮೂರು ಬಳಗಾನೂರಿನಿಂದ ಸಿಂಧನೂರಿನ ದವಾಖಾನೆಗೆ ಒಯ್ದೆವು. ಹೆರಿಗೆ ಮಾಡಿಸಿದ ಡಾಕ್ಟರಮ್ಮ ಪೆನ್ನಿನ ತುದಿಯಿಂದ ಕಾಲು ತೋರಿಸಿದಳು.

"ರಕ್ತ ಹೆಪ್ಪುಗಟ್ಟ್ಯಾದ. ಹೊಟ್ಟಿ ಕೊಯ್ದ ಬಾಣಂತಿಗೆ ಮೊದಲೇ ಆ ಅಪಾಯ ಜಾಸ್ತಿ. ಅದರ ಮ್ಯಾಲ ಅಲುಗಾಡಿಸದ, ನೀರು ಕೊಡದ ಮಲಗಿಸೀರಿ. ಆ ಹೆಪ್ಪು ಎದಿಗೆ ಏರಿದ್ರ ಹೆಣ ಒಯ್ತಿದ್ರಿ. ಬುದ್ಧಿ ಇಲ್ಲದ ಮಂದಿ!"

"ಮನಿಗೆ ಕಳಿಸುವಾಗ ಇದನ್ನ ಹೇಳಿದ್ರೇನ್ರಿ ಮೇಡಂ?" ಎಂದಳು ಗದ್ದೆಮ್ಮ.

"ನಿಮಗ ಹೇಳಿದ್ರ ತಿಳೀತದೇನು?"

"ಹೇಳದ ಹೆಂಗ ತಿಳೀತದ್ರಿ?"

ಡಾಕ್ಟರಮ್ಮ ಮುಂದಿನವರನ್ನು ಕರೆದಳು. ನನ್ನ ಕೈಯಿಂದಲೇ ಮಗಳು ಸಾಯುತ್ತಿದ್ದಳಲ್ಲ ಎಂದು ಗದ್ದೆಮ್ಮ ಹೊರಗೆ ಬಂದು ಅತ್ತಳು. ಆಮೇಲೆ ಹೇಳದವರ ಮೇಲೆ ಸಿಟ್ಟು ಬಂದು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಸೂಜಿ, ಗುಳಿಗೆ ಆಗಿ ಕಾಲಿನ ಬಾವು ಅಷ್ಟಿಷ್ಟು ಇಳಿದ ಮೇಲೆ, ದಿನಾ ನಡೆಸಿ, ನೀರು ಕುಡಿಸಿ ಎಂದು ಹೇಳಿ ಕಳಿಸಿದರು. ನಡೆಸುವುದಾದರೂ ಎಲ್ಲಿ? ಕಾಲುವೆ ನೀರು ಬಸಿದು ನಮ್ಮ ಕೇರಿ ತುಂಬ ಕೆಸರು. ಜಾರಿ ಬಿದ್ದರೆ ಹೊಲಿಗೆ ಹರಿದಂತೆಯೇ. ಸಪಾಟಾಗಿ ಇದ್ದದ್ದು ಗೌಡನ ಮನೆಯಿಂದ ಗುಡಿಯವರೆಗಿನ ಸಿಮೆಂಟ್ ರಸ್ತೆ ಒಂದೇ. ಅದನ್ನು ಗುಡಿಸಲಿಕ್ಕೆ ನಮ್ಮ ಹೆಂಗಸರು ಬೇಕು, ಆದರೆ ನಮ್ಮ ಬಾಣಂತಿ ಅಲ್ಲಿ ಕಾಲಿಡುವಂತಿಲ್ಲ.

ಮರುದಿನ ಬೆಳಿಗ್ಗೆ ಗದ್ದೆಮ್ಮ ಮಗಳ ಕಿವಿಯ ಅರಿವೆ ಬಿಚ್ಚಿ ಎಸೆದು, ರಟ್ಟೆ ಹಿಡಿದು ಆ ರಸ್ತೆಗೇ ಕರೆತಂದಳು. ಕೂಸನ್ನು ಎತ್ತಿಕೊಂಡು ನಾವೂ ಹಿಂದೆ ಹೊರಟೆವು.

"ಏ ಬೋಸೂಡಿ! ಮೈಲಿಗಿ ಕಳದಿಲ್ಲ, ಗುಡಿ ಮುಂದ ಬಾಣಂತೀನ ತಂದೀಯಲ್ಲ!" ಗೌಡ ಬಾಗಿಲಲ್ಲಿ ನಿಂತು ಚೀರಿದ.

"ನೀವss ಕೇಳಿದ್ರಲ್ರಿ ಗೌಡ್ರ, ಮಗಳು ನೆಲಕ್ಕ ಕಾಲ ಇಡಂಗಿಲ್ಲೇನಂತ. ಇಟ್ಟಾಳ, ನೋಡ್ರಿ."

ಸುಕನ್ಯಾ ಕುಂಟುತ್ತ ಗುಡಿ ಮುಟ್ಟಿದಳು, ತಿರುಗಿ ಬಂದಳು. ಸುಸ್ತಾಗಿ ಗೌಡನ ಕಟ್ಟೆಯ ಮೇಲೆಯೇ ಕುಳಿತು, ಬಾತ ಕಾಲನ್ನು ಉದ್ದಕ್ಕೆ ಚಾಚಿದಳು.

"ಯವ್ವಾ, ನೀರು."

"ಗೌಡ್ರ, ಒಂದು ತಂಬಿಗಿ ತರ್ರಿ. ಡಾಕ್ಟರ್ ಹೇಳ್ಯಾರ," ಎಂದಳು ಗದ್ದೆಮ್ಮ.

ಗೌಡ ಅಲುಗಾಡಲಿಲ್ಲ. ಸುಕನ್ಯಾಳೂ ಕಟ್ಟೆ ಬಿಟ್ಟು ಏಳಲಿಲ್ಲ.